ಹಾರ್ಡ್ ಡಿಸ್ಕ್ ಜಾಗಕ್ಕೆ ಬಂದ ಎಸ್‌ಎಸ್‌ಡಿ: ವೇಗ ದೊರಕಿತು, ಭದ್ರತೆಯ ಕಥೆಯೇನು?

ಹತ್ತು ಹದಿನೈದು ವರ್ಷಗಳ ಹಿಂದೆ ಕಚೇರಿಗೆ ಬಂದವರು ಮಾಡುತ್ತಿದ್ದ ಮೊದಲ ಕೆಲಸ ಗಣಕಯಂತ್ರದ ಗುಂಡಿ ಒತ್ತುವುದು. ಎರಡನೆಯದು, ಚಹಾ ಕುಡಿಯಲು ಹೊರಡುವುದು. ಚಹಾ ಮುಗಿಸಿ ಮರಳುವ ಹೊತ್ತಿಗೆ ಪರದೆಯ ಮೇಲೆ ಚಿತ್ರ ಮೂಡಿರುತ್ತಿತ್ತಾದರೂ ಪೆಟ್ಟಿಗೆಯೊಳಗಿನ ಕಟಕಟ ಸದ್ದು ನಿಂತಿರುತ್ತಿರಲಿಲ್ಲ. ಆ ಸದ್ದು ಹಾರ್ಡ್ ಡಿಸ್ಕ್‌ನದು. ಇಂದು ಅದೇ ಮೇಜಿನ ಮೇಲಿರುವ ಲ್ಯಾಪ್‌ಟಾಪ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಕೆಲಸಕ್ಕೆ ಸಿದ್ಧವಾಗುತ್ತದೆ, ಅದೂ ಸದ್ದಿಲ್ಲದೆ. ಚಹಾ ಕುಡಿಯಲು ಬೇರೆ ನೆಪ ಹುಡುಕಬೇಕಾಗಿದೆ!

ಈ ಬದಲಾವಣೆಗೆ ಕಾರಣ ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್‌ಎಸ್‌ಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ದುರಸ್ತಿ ಅಂಗಡಿಗಳವರೆಗೆ ಎಲ್ಲಿಯೇ ಹೋಗಿ ‘ಲ್ಯಾಪ್‌ಟಾಪ್ ನಿಧಾನವಾಗಿದೆ’ ಎಂದರೆ ದೊರೆಯುವ ಮೊದಲ ಸಲಹೆ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ ಎಂಬುದು. ಸಲಹೆ ಸರಿಯಾದುದೇ. ಆದರೆ ಅದರ ಜತೆಗೆ ಅನೇಕ ಕಡೆ ಕೇಳಿಬರುವ ‘ಇದರಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಹಾಳಾಗುವ ಪ್ರಶ್ನೆಯೇ ಇಲ್ಲ’ ಎಂಬ ಮಾತು ಮಾತ್ರ ಸರಿಯಲ್ಲ. ಎಸ್‌ಎಸ್‌ಡಿಯೂ ಹಾಳಾಗುತ್ತದೆ. ಹಾರ್ಡ್ ಡಿಸ್ಕ್ ಹಾಳಾಗುವ ರೀತಿಯಲ್ಲಿ ಅಲ್ಲ, ಬೇರೆಯೇ ರೀತಿಯಲ್ಲಿ. ಮಕ್ಕಳ ಚಿತ್ರಗಳು, ಮನೆಯ ದಾಖಲೆಪತ್ರಗಳು, ಅಂಗಡಿಯ ಲೆಕ್ಕ, ವರ್ಷಗಳ ಬರವಣಿಗೆ ಎಲ್ಲವೂ ಈ ಚಿಪ್ಪುಗಳೊಳಗೆ ಸೇರಿಕೊಂಡಿರುವಾಗ ಆ ವ್ಯತ್ಯಾಸವನ್ನು ತಿಳಿದಿರುವುದು ಅಗತ್ಯ.

ತಟ್ಟೆಗಳ ಕಾಲ

ಹಾರ್ಡ್ ಡಿಸ್ಕ್ ಯುಗ ಆರಂಭವಾದುದು 1956ರಲ್ಲಿ. ಅಮೆರಿಕದ ಐಬಿಎಂ ಸಂಸ್ಥೆ ಆ ವರ್ಷ ‘ರಾಮ್ಯಾಕ್’ ಎಂಬ ಗಣಕ ವ್ಯವಸ್ಥೆಯನ್ನು ಪ್ರಕಟಿಸಿತು. ರೆನಾಲ್ಡ್ ಜಾನ್ಸನ್ ನೇತೃತ್ವದಲ್ಲಿ ಸ್ಯಾನ್ ಹೋಸೆಯ ಪ್ರಯೋಗಾಲಯದಲ್ಲಿ ರೂಪುಗೊಂಡ ಅದರ ಸಂಗ್ರಹ ಘಟಕದಲ್ಲಿ ತಲಾ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ತೂಕ ಸುಮಾರು ಒಂದು ಟನ್. ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಇಂದಿನ ಮೊಬೈಲ್ ಫೋನಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೆ ಆ ಜಾಗ ಮುಗಿದುಹೋಗುತ್ತದೆ.

ಅಲ್ಲಿಂದ ಮುಂದೆ ಗಾತ್ರ ಕುಗ್ಗಿತು, ಸಾಮರ್ಥ್ಯ ಲಕ್ಷಗಟ್ಟಲೆ ಪಟ್ಟು ಹೆಚ್ಚಿತು. ಆದರೆ ಮೂಲತತ್ತ್ವ ಬದಲಾಗಲಿಲ್ಲ. ಅಯಸ್ಕಾಂತೀಯ ಲೇಪನವಿರುವ ತಟ್ಟೆ ಸತತವಾಗಿ ತಿರುಗುತ್ತಿರುತ್ತದೆ. ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುವ ತಲೆಯೊಂದು ಅತ್ತಿತ್ತ ಸರಿದು ಮಾಹಿತಿಯನ್ನು ಓದುತ್ತದೆ ಅಥವಾ ಬರೆಯುತ್ತದೆ. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಈ ಅಂತರ ಎಷ್ಟು ಸೂಕ್ಷ್ಮ ಎಂಬುದನ್ನು ಅದರಿಂದ ಊಹಿಸಬಹುದು. ಲ್ಯಾಪ್‌ಟಾಪ್ ಕೈಜಾರಿ ಬಿದ್ದಾಗ ಮಾಹಿತಿ ನಾಶವಾಗುತ್ತಿದ್ದುದು ಇದೇ ಕಾರಣಕ್ಕೆ.

ಹಾರ್ಡ್ ಡಿಸ್ಕ್‌ನ ನಿಜವಾದ ದೌರ್ಬಲ್ಯ ಮಾತ್ರ ಕಾಯುವಿಕೆ. ಲೆಕ್ಕ ಸರಳವಾಗಿದೆ. ನಿಮಿಷಕ್ಕೆ 7,200 ಬಾರಿ ತಿರುಗುವ ತಟ್ಟೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಮಾಹಿತಿ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡ್ ಕಾಯಬೇಕು. ತಲೆ ಸರಿಯಾದ ಜಾಡಿಗೆ ಸರಿಯಲು ಮತ್ತೆ 8-9 ಮಿಲಿಸೆಕೆಂಡ್. ಒಟ್ಟಿನಲ್ಲಿ ಚದುರಿದ ಮಾಹಿತಿಯನ್ನು ಸೆಕೆಂಡಿಗೆ 75-80 ಬಾರಿ ಮಾತ್ರ ಹುಡುಕಿ ತರಲು ಸಾಧ್ಯ. ಇತ್ತ ಸೆಕೆಂಡಿಗೆ ನೂರಾರು ಕೋಟಿ ಹೆಜ್ಜೆ ಇಡಬಲ್ಲ ಸಂಸ್ಕಾರಕ ಕೈಕಟ್ಟಿ ಕುಳಿತಿರುತ್ತದೆ. ಗಣಕಯಂತ್ರ ‘ನಿಧಾನ’ ಎನಿಸುತ್ತಿದ್ದುದರ ಬಹುಪಾಲು ಗುಟ್ಟು ಇಲ್ಲಿತ್ತು. ದೊಡ್ಡದೊಂದು ಚಲನಚಿತ್ರವನ್ನು ಒಂದೇ ಓಟದಲ್ಲಿ ಓದುವಾಗ ಹಾರ್ಡ್ ಡಿಸ್ಕ್ ಅಷ್ಟೇನೂ ಹಿಂದೆ ಬೀಳುವುದಿಲ್ಲ. ಸಾವಿರಾರು ಚಿಕ್ಕ ಕಡತಗಳನ್ನು ಹೆಕ್ಕಬೇಕಾದಾಗ, ಅಂದರೆ ವಿಂಡೋಸ್ ಆರಂಭವಾಗುವಂಥ ಸಂದರ್ಭದಲ್ಲಿ, ಅದರ ಏದುಸಿರು ಕೇಳಿಸುತ್ತದೆ.

ಮಸುವೊಕಾ ಅವರ ‘ಫ್ಲ್ಯಾಶ್’

ಎಸ್‌ಎಸ್‌ಡಿಯಲ್ಲಿ ತಿರುಗುವುದು, ಸರಿಯುವುದು ಎಂಬುದಿಲ್ಲ. ಮಾಹಿತಿ ಇರುವುದು ಸಿಲಿಕಾನ್ ಚಿಪ್‌ನ ಕೋಶಗಳಲ್ಲಿ, ವಿದ್ಯುದಾವೇಶದ ರೂಪದಲ್ಲಿ. 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಾವಾನ್ ಕಾಂಗ್ ಮತ್ತು ಸೈಮನ್ ಝೀ ಅವರು ‘ತೇಲು ದ್ವಾರ’ ಎಂಬ ರಚನೆಯನ್ನು ವಿವರಿಸಿದರು. ಸುತ್ತಲೂ ವಿದ್ಯುತ್ ನಿರೋಧಕದಿಂದ ಆವೃತವಾದ ಪುಟ್ಟ ಕೋಣೆಯೊಳಗೆ ಎಲೆಕ್ಟ್ರಾನುಗಳನ್ನು ತಳ್ಳಿ ಬಾಗಿಲು ಹಾಕಿದಂತೆ ಇದರ ಕೆಲಸ. ವಿದ್ಯುತ್ ಹೋದರೂ ಒಳಗಿರುವವು ಒಳಗೇ ಉಳಿಯುತ್ತವೆ. ಕೋಣೆಯಲ್ಲಿ ಎಲೆಕ್ಟ್ರಾನುಗಳಿವೆಯೋ ಇಲ್ಲವೋ ಎಂಬುದನ್ನು ಹೊರಗಿನಿಂದಲೇ ಅಳೆದು 0 ಅಥವಾ 1 ಎಂದು ಓದಲಾಗುತ್ತದೆ. ಈಗಿನ ಬಹುತೇಕ ಚಿಪ್‌ಗಳಲ್ಲಿ ತೇಲು ದ್ವಾರದ ಬದಲು ಆವೇಶವನ್ನು ಹಿಡಿದಿಡುವ ನಿರೋಧಕ ಪದರವನ್ನೇ ಬಳಸುತ್ತಾರಾದರೂ ತತ್ತ್ವ ಅದೇ.

ಇದನ್ನು ಅಗ್ಗದ, ಬೃಹತ್ ಸಂಗ್ರಹ ಸಾಧನವಾಗಿಸುವ ದಾರಿ ತೋರಿದವರು ಜಪಾನಿನ ತೋಷಿಬಾ ಕಂಪನಿಯ ಎಂಜಿನಿಯರ್ ಫುಜಿಯೊ ಮಸುವೊಕಾ. ಕೋಶಗಳನ್ನು ಒಂದೊಂದಾಗಿ ಅಳಿಸುವ ಬದಲು ಗುಂಪುಗುಂಪಾಗಿ ಒಮ್ಮೆಲೇ ಅಳಿಸಿದರೆ ರಚನೆ ಸರಳವಾಗುತ್ತದೆ, ಬೆಲೆ ಇಳಿಯುತ್ತದೆ ಎಂಬುದು ಅವರ ಲೆಕ್ಕಾಚಾರ. ಕ್ಷಣಾರ್ಧದಲ್ಲಿ ಎಲ್ಲವೂ ಅಳಿಸಿಹೋಗುವುದನ್ನು ಕಂಡ ಸಹೋದ್ಯೋಗಿ ಶೋಜಿ ಅರಿಝುಮಿ ಅವರಿಗೆ ಕ್ಯಾಮೆರಾದ ಫ್ಲ್ಯಾಶ್ ನೆನಪಾಯಿತಂತೆ. ಆ ಹೆಸರೇ ಉಳಿಯಿತು. 1984ರಲ್ಲಿ ಮಸುವೊಕಾ ಇದನ್ನು ವಿಜ್ಞಾನಿಗಳ ಸಮ್ಮೇಳನದಲ್ಲಿ ಮಂಡಿಸಿದರು. ಇಂದಿನ ಎಸ್‌ಎಸ್‌ಡಿಗಳಲ್ಲಿರುವ ‘ನ್ಯಾಂಡ್’ ಬಗೆಯ ಫ್ಲ್ಯಾಶ್ ಪ್ರಕಟವಾದುದು 1987ರಲ್ಲಿ.

ಸಂಶೋಧಕನಿಗೆ ದಕ್ಕಿದ್ದೆಷ್ಟು? ಕಂಪನಿ ತೊರೆದು ತೊಹೊಕು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಮಸುವೊಕಾ, 2004ರಲ್ಲಿ ತಮ್ಮ ಆವಿಷ್ಕಾರಕ್ಕೆ ತಕ್ಕ ಪ್ರತಿಫಲ ನೀಡಿಲ್ಲವೆಂದು 100 ಕೋಟಿ ಯೆನ್ ಕೋರಿ ತೋಷಿಬಾ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು. ಇಡೀ ಜಗತ್ತಿನ ಫೋನು, ಕ್ಯಾಮೆರಾ, ಗಣಕಗಳೊಳಗೆ ಕುಳಿತಿರುವ ವಸ್ತುವಿಗೆ ಇದು ಕಡಿಮೆಯೆಂದು ಯಾರಿಗಾದರೂ ಅನ್ನಿಸದಿರದು. ತೋಷಿಬಾದ ಆ ವಿಭಾಗವೂ ಈಗ ತೋಷಿಬಾ ಹೆಸರಿನಲ್ಲಿಲ್ಲ. 2018ರಲ್ಲಿ ಮಾರಾಟವಾಗಿ, ಮರುವರ್ಷ ‘ಕಿಯೋಕ್ಸಿಯಾ’ ಎಂದು ನಾಮಾಂತರಗೊಂಡಿತು.

ಸ್ಲೇಟಿನ ಉಪಮೆ

ಒಮ್ಮೆಲೇ ಅಳಿಸುವ ಈ ಗುಣವೇ ಎಸ್‌ಎಸ್‌ಡಿಯ ಶಕ್ತಿ, ಅದೇ ಅದರ ತೊಡಕು. ಶಾಲೆಯ ಸ್ಲೇಟನ್ನು ನೆನಪಿಸಿಕೊಳ್ಳಿ. ಒಂದು ಷರತ್ತು: ಅದರಲ್ಲಿ ಒಂದಕ್ಷರವನ್ನಷ್ಟೇ ಒರೆಸಿ ತಿದ್ದುವಂತಿಲ್ಲ, ಒರೆಸಿದರೆ ಇಡೀ ಸ್ಲೇಟನ್ನೇ ಒರೆಸಬೇಕು. ಫ್ಲ್ಯಾಶ್ ಚಿಪ್‌ನಲ್ಲಿ ಬರೆಯುವುದು ಕೆಲವು ಕಿಲೋಬೈಟುಗಳ ‘ಪುಟ’ಗಳಲ್ಲಿ, ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ‘ಖಂಡ’ವನ್ನು. ಆದ್ದರಿಂದ ನೀವು ಒಂದು ಕಡತವನ್ನು ತಿದ್ದಿ ಉಳಿಸಿದಾಗ ಎಸ್‌ಎಸ್‌ಡಿ ಹಳೆಯ ಜಾಗದಲ್ಲಿ ತಿದ್ದುವುದಿಲ್ಲ. ಹೊಸದನ್ನು ಖಾಲಿಯಿರುವ ಬೇರೆಡೆ ಬರೆದು, ಹಳೆಯದರ ಮೇಲೆ ‘ರದ್ದು’ ಎಂದು ಗುರುತು ಹಾಕುತ್ತದೆ. ಪುರುಸೊತ್ತು ಸಿಕ್ಕಾಗ ರದ್ದಾದ ಪುಟಗಳು ಹೆಚ್ಚಾಗಿರುವ ಖಂಡವನ್ನು ಆಯ್ದು, ಉಳಿದ ಸಾಚಾ ಪುಟಗಳನ್ನು ಬೇರೆಡೆಗೆ ಸಾಗಿಸಿ, ಆ ಖಂಡವನ್ನು ಒರೆಸಿ ಇಡುತ್ತದೆ. ಈ ಎಲ್ಲ ಲೆಕ್ಕವನ್ನು ನೋಡಿಕೊಳ್ಳುವುದು ಡ್ರೈವ್‌ನೊಳಗಿನ ನಿಯಂತ್ರಕ ಚಿಪ್ ಮತ್ತು ಅದರ ತಂತ್ರಾಂಶ. ಹಾಗೆ ನೋಡಿದರೆ ಎಸ್‌ಎಸ್‌ಡಿ ಬರಿಯ ಸಂಗ್ರಹ ಪೆಟ್ಟಿಗೆಯಲ್ಲ, ಸ್ವತಃ ಒಂದು ಚಿಕ್ಕ ಗಣಕಯಂತ್ರ.

ಸ್ಲೇಟು ಒರೆಸಿ ಒರೆಸಿ ಸವೆಯುತ್ತದೆ. ಎಲೆಕ್ಟ್ರಾನುಗಳನ್ನು ನಿರೋಧಕದ ಗೋಡೆ ದಾಟಿಸಿ ಒಳಗೆ ಹೊರಗೆ ತಳ್ಳುವಾಗಲೆಲ್ಲ ಆ ಗೋಡೆ ತುಸು ಶಿಥಿಲವಾಗುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುತ್ತಿದ್ದ ಹಳೆಯ ದುಬಾರಿ ಚಿಪ್‌ಗಳು ಸುಮಾರು ಒಂದು ಲಕ್ಷ ಬಾರಿ ಬರೆದು ಅಳಿಸುವುದನ್ನು ತಾಳುತ್ತಿದ್ದವು. ಬೆಲೆ ಇಳಿಸುವ ಸಲುವಾಗಿ ಒಂದೇ ಕೋಶಕ್ಕೆ ಎರಡು, ಮೂರು, ನಾಲ್ಕು ಬಿಟ್ ತುಂಬುವ ವಿಧಾನ ಬಂತು. ಮೂರು ಬಿಟ್‌ಗೆ ಆವೇಶದ 8 ಮಟ್ಟಗಳನ್ನು, ನಾಲ್ಕಕ್ಕೆ 16 ಮಟ್ಟಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಒಂದೇ ಲೋಟದಲ್ಲಿ ನೀರಿನ 16 ಎತ್ತರಗಳನ್ನು ತಪ್ಪದೆ ಗುರುತಿಸಿದಂತೆ! ಸ್ವಲ್ಪ ಸೋರಿದರೂ ಲೆಕ್ಕ ತಪ್ಪುತ್ತದೆ. ಹೀಗಾಗಿ ಇಂದಿನ ಮೂರು ಬಿಟ್‌ನ ಚಿಪ್‌ಗಳ ತಾಳಿಕೆ ಸಾವಿರದಿಂದ ಮೂರು ಸಾವಿರ ಬಾರಿಯ ಆಸುಪಾಸಿನಲ್ಲಿದ್ದರೆ, ನಾಲ್ಕು ಬಿಟ್‌ನವುಗಳದು ಅದಕ್ಕೂ ಕಡಿಮೆ.

ಗಾಬರಿ ಬೇಡ. ನಿಯಂತ್ರಕವು ಬರಹದ ಹೊರೆಯನ್ನು ಎಲ್ಲ ಕೋಶಗಳಿಗೂ ಸಮವಾಗಿ ಹಂಚುತ್ತದೆ. ಒಂದು ಟೆರಾಬೈಟ್‌ನ ಸಾಮಾನ್ಯ ಎಸ್‌ಎಸ್‌ಡಿಗೆ ತಯಾರಕರು 600 ಟೆರಾಬೈಟ್ ಬರಹದ ಖಾತರಿ ನೀಡುವುದುಂಟು. ದಿನಕ್ಕೆ 50 ಗಿಗಾಬೈಟ್ ಬರೆದರೂ ಅದು ಮುಗಿಯಲು 12,000 ದಿನ, ಅಂದರೆ 32 ವರ್ಷಕ್ಕೂ ಹೆಚ್ಚು ಬೇಕು. ಮನೆ, ಕಚೇರಿಗಳ ಬಳಕೆಯಲ್ಲಿ ಡ್ರೈವ್ ‘ಸವೆದು’ ಸಾಯುವುದು ವಿರಳ. ಸಾಯುವ ಕಾರಣಗಳು ಬೇರೆ ಇವೆ.

ಬೆಲೆ ಇಳಿದ ಬಗೆ

ತಂತ್ರಜ್ಞಾನ 1987ರಲ್ಲೇ ಇದ್ದರೂ ಜನರ ಕೈಗೆ ಬರಲು ಎರಡು ದಶಕ ಹಿಡಿಯಿತು. ಕಾರಣ ಬೆಲೆ. 1988ರಲ್ಲಿ ಈಲೈ ಹರಾರಿ, ಜಾಕ್ ಯುವಾನ್ ಅವರೊಂದಿಗೆ ಕಾನ್ಪುರ ಮೂಲದ ಸಂಜಯ್ ಮೆಹ್ರೋತ್ರಾ ಸೇರಿ ಸ್ಥಾಪಿಸಿದ ‘ಸನ್‌ಡಿಸ್ಕ್’ (ಮುಂದೆ ಸ್ಯಾನ್‌ಡಿಸ್ಕ್) 1991ರಲ್ಲಿ ಐಬಿಎಂಗೆ 20 ಮೆಗಾಬೈಟ್‌ನ ಎಸ್‌ಎಸ್‌ಡಿ ಪೂರೈಸಿತು. ಬೆಲೆ ಸುಮಾರು ಸಾವಿರ ಡಾಲರ್. ಮೆಹ್ರೋತ್ರಾ ಅವರು 2017ರಲ್ಲಿ ಮತ್ತೊಂದು ಸ್ಮರಣ ಚಿಪ್ ದೈತ್ಯ ಮೈಕ್ರಾನ್‌ನ ಚುಕ್ಕಾಣಿ ಹಿಡಿದರು.

ಫ್ಲ್ಯಾಶ್‌ನ ಬೆಲೆ ಇಳಿಸಿದ್ದು ಗಣಕಯಂತ್ರವಲ್ಲ. ಡಿಜಿಟಲ್ ಕ್ಯಾಮೆರಾ, ಸಂಗೀತ ಸಾಧನ ಮತ್ತು ಮೊಬೈಲ್ ಫೋನು. 2005ರಲ್ಲಿ ಆಪಲ್ ಕಂಪನಿ ಪುಟಾಣಿ ಹಾರ್ಡ್ ಡಿಸ್ಕ್ ಇದ್ದ ‘ಐಪಾಡ್ ಮಿನಿ’ಯನ್ನು ಕೈಬಿಟ್ಟು ಫ್ಲ್ಯಾಶ್ ಆಧಾರಿತ ‘ನ್ಯಾನೋ’ ತಂದಾಗ ಗಾಳಿ ಎತ್ತ ಬೀಸುತ್ತಿದೆ ಎಂಬುದು ಸ್ಪಷ್ಟವಾಗಿತ್ತು. ಆದರೂ 2008ರ ಜನವರಿಯಲ್ಲಿ ಬಂದ ಮೊದಲ ಮ್ಯಾಕ್‌ಬುಕ್ ಏರ್‌ಗೆ 64 ಗಿಗಾಬೈಟ್‌ನ ಎಸ್‌ಎಸ್‌ಡಿ ಬೇಕೆಂದವರು 999 ಡಾಲರ್ ಹೆಚ್ಚುವರಿ ತೆರಬೇಕಿತ್ತು. ಅದೇ ವರ್ಷ ಇಂಟೆಲ್ ಹೊರತಂದ 80 ಗಿಗಾಬೈಟ್‌ನ ಡ್ರೈವ್‌ಗೆ 595 ಡಾಲರ್.

2011ರಲ್ಲಿ ಥಾಯ್ಲೆಂಡ್‌ನಲ್ಲಿ ಸಂಭವಿಸಿದ ಮಹಾಪ್ರವಾಹ ಹಾರ್ಡ್ ಡಿಸ್ಕ್ ಉದ್ಯಮಕ್ಕೆ ಬಲವಾದ ಪೆಟ್ಟು ನೀಡಿತು. ವೆಸ್ಟರ್ನ್ ಡಿಜಿಟಲ್‌ನ ಕಾರ್ಖಾನೆ ಮುಳುಗಿ ಹಾರ್ಡ್ ಡಿಸ್ಕ್‌ಗಳ ಬೆಲೆ ವಾರಗಳಲ್ಲೇ ಗಗನಕ್ಕೇರಿತು. ಇನ್ನೊಂದೆಡೆ ಚಿಪ್ ತಯಾರಕರು ಕೋಶಗಳನ್ನು ಕುಗ್ಗಿಸುತ್ತಾ ಹೋಗಿ ಮಿತಿ ತಲುಪಿದ್ದರು. ನಗರದಲ್ಲಿ ನಿವೇಶನ ಸಿಗದಾಗ ಬಹುಮಹಡಿ ಕಟ್ಟುವಂತೆ ಅವರು ಕೋಶಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. 2013ರಲ್ಲಿ ಸ್ಯಾಮ್‌ಸಂಗ್ 24 ಪದರಗಳ ಚಿಪ್ ತಯಾರಿಕೆ ಆರಂಭಿಸಿತು. 2024ರ ನವೆಂಬರ್‌ನಲ್ಲಿ ಕೊರಿಯಾದ ಎಸ್‌ಕೆ ಹೈನಿಕ್ಸ್ 321 ಪದರಗಳ ಚಿಪ್‌ಗಳ ಉತ್ಪಾದನೆ ಪ್ರಕಟಿಸಿತು. ಈ ಮಹಡಿಗಳೇ ಎಸ್‌ಎಸ್‌ಡಿಯನ್ನು ಸಾಮಾನ್ಯರ ಕೈಗೆ ತಂದದ್ದು. 2010ರಲ್ಲಿ ಜಗತ್ತಿನಾದ್ಯಂತ ಸುಮಾರು 65 ಕೋಟಿ ಹಾರ್ಡ್ ಡಿಸ್ಕ್‌ಗಳು ಮಾರಾಟವಾಗಿದ್ದವು. ಇತ್ತೀಚಿನ ವರ್ಷಗಳಲ್ಲಿ ಆ ಸಂಖ್ಯೆ 15 ಕೋಟಿಗಿಂತ ಕೆಳಗಿದೆ.

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಸ್ಯಾನ್‌ಡಿಸ್ಕ್, ಸ್ಯಾಮ್‌ಸಂಗ್ ಮುಂತಾದ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳು ಇಲ್ಲಿವೆ. ಚಿಪ್ ತಯಾರಾಗುವುದು ಜಪಾನ್, ಕೊರಿಯಾಗಳಲ್ಲಾದರೂ ಅದನ್ನು ನಡೆಸುವ ತಂತ್ರಾಂಶದ ಕೆಲಸದಲ್ಲಿ ಇಲ್ಲಿನ ಎಂಜಿನಿಯರುಗಳ ಕೈಯಿದೆ.

ಅಳಿಸಿದ್ದು ಮರಳುವುದಿಲ್ಲ

ಈಗ ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಬರೋಣ. ನಮ್ಮ ಕಚೇರಿಯಲ್ಲೇ ನಡೆದ ಎರಡು ಪ್ರಸಂಗಗಳಿವೆ. ಬಹಳ ಹಿಂದೆ ಛಾಯಾಗ್ರಾಹಕರೊಬ್ಬರ ಹಾರ್ಡ್ ಡಿಸ್ಕ್‌ನಿಂದ ಜಾತ್ರೆಯೊಂದರ ಚಿತ್ರಗಳು ಕೈತಪ್ಪಿನಿಂದ ಅಳಿಸಿಹೋಗಿದ್ದವು. ದುರಸ್ತಿ ಅಂಗಡಿಯವರು ಒಂದು ರಾತ್ರಿ ತಂತ್ರಾಂಶ ಓಡಿಸಿ ಬಹುತೇಕ ಎಲ್ಲವನ್ನೂ ಮರಳಿ ತಂದುಕೊಟ್ಟರು. ವರ್ಷಗಳ ನಂತರ ಅದೇ ಛಾಯಾಗ್ರಾಹಕರ ಹೊಸ ಲ್ಯಾಪ್‌ಟಾಪಿನಿಂದ ಮತ್ತೊಂದು ಕಡತಕೋಶ ಅಳಿಯಿತು. ಅವರು ನಿಶ್ಚಿಂತೆಯಿಂದ ಅದೇ ಅಂಗಡಿಗೆ ಹೋದರು. ಅಂಗಡಿಯವರು ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪ್ ಮರಳಿಸಿ, ‘ಸರ್, ಹಾರ್ಡ್ ಡಿಸ್ಕ್ ಆಗಿದ್ದರೆ ಏನಾದರೂ ಮಾಡಬಹುದಿತ್ತು. ಇದರಲ್ಲಿ ನೋಡಿದರೆ ಬರೀ ಸೊನ್ನೆ’ ಎಂದರು. ಹೋದದ್ದು ಸುದ್ದಿಚಿತ್ರಗಳಲ್ಲ, ತೀರಿಹೋದ ತಂದೆಯವರ ಜತೆ ಮಾಡಿದ ಕೊನೆಯ ಪ್ರವಾಸದ ಚಿತ್ರಗಳು.

ಅಂಗಡಿಯವರ ಮಾತು ನಿಜ. ಹಾರ್ಡ್ ಡಿಸ್ಕ್‌ನಲ್ಲಿ ಕಡತ ‘ಅಳಿಸಿದಾಗ’ ಅಳಿಯುವುದು ಅದರ ವಿಳಾಸ ಮಾತ್ರ. ಮೇಲೆ ಬೇರೇನಾದರೂ ಬರೆಯುವವರೆಗೆ ಒಳಗಿನ ಮಾಹಿತಿ ಹಾಗೆಯೇ ಉಳಿದಿರುತ್ತದೆ. ಎಸ್‌ಎಸ್‌ಡಿಗೆ ಮಾತ್ರ ಖಾಲಿ ಖಂಡಗಳು ಮೊದಲೇ ಸಿದ್ಧವಿರಬೇಕು. ಅದಕ್ಕಾಗಿ ಕಾರ್ಯಾಚರಣ ವ್ಯವಸ್ಥೆಯು ‘ಈ ಜಾಗ ಇನ್ನು ಬೇಡ’ ಎಂದು ಡ್ರೈವ್‌ಗೆ ಕೂಡಲೇ ತಿಳಿಸುತ್ತದೆ. ‘ಟ್ರಿಮ್’ ಎಂಬ ಈ ಆದೇಶ 2009ರ ವಿಂಡೋಸ್ 7ರಿಂದ ರೂಢಿಯಲ್ಲಿದೆ. ಆದೇಶ ತಲುಪಿದ ಬಳಿಕ ಡ್ರೈವ್ ಆ ಜಾಗವನ್ನು ಖಾಲಿಯೆಂದೇ ತೋರಿಸುತ್ತದೆ, ಬಿಡುವಾದಾಗ ನಿಜವಾಗಿ ಒರೆಸಿಯೂ ಬಿಡುತ್ತದೆ. ಹಳೆಯ ಗಣಕ ಮಾರುವವರ ಗೋಪ್ಯತೆಗೆ ಇದು ಒಳ್ಳೆಯದು. ಕೈತಪ್ಪಿದವರಿಗೆ ನಿರ್ದಯ.

ಇನ್ನು ಯಂತ್ರವೇ ಕೆಡುವ ಮಾತು. ಗೂಗಲ್ ಕಂಪನಿಯ ದತ್ತಾಂಶ ಕೇಂದ್ರಗಳಲ್ಲಿನ ಎಸ್‌ಎಸ್‌ಡಿಗಳನ್ನು ಆರು ವರ್ಷಗಳ ದಾಖಲೆಯ ಆಧಾರದಲ್ಲಿ ಪರಿಶೀಲಿಸಿದ ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಸಂಗಡಿಗರ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಹಾರ್ಡ್ ಡಿಸ್ಕ್‌ಗಳಿಗೆ ಹೋಲಿಸಿದರೆ ಎಸ್‌ಎಸ್‌ಡಿಗಳನ್ನು ಕಿತ್ತು ಬದಲಿಸಬೇಕಾದ ಪ್ರಸಂಗ ಕಡಿಮೆ ಎಂದು ಅದು ಕಂಡುಕೊಂಡಿತು. ಅದರ ಜತೆಗೇ ಇನ್ನೊಂದು ಅಂಶವೂ ಹೊರಬಿತ್ತು: ಮಾದರಿಯನ್ನು ಅವಲಂಬಿಸಿ 20ರಿಂದ 63 ಶೇಕಡಾ ಡ್ರೈವ್‌ಗಳಲ್ಲಿ ಮೊದಲ ನಾಲ್ಕು ವರ್ಷಗಳೊಳಗೆ ಒಮ್ಮೆಯಾದರೂ ಸರಿಪಡಿಸಲಾಗದ ಓದುವ ದೋಷ ಕಾಣಿಸಿಕೊಂಡಿತ್ತು. ಅಂದರೆ ಡ್ರೈವ್ ಬದುಕಿರುತ್ತದೆ, ಒಳಗಿನ ಒಂದು ತುಣುಕು ಮಾಹಿತಿ ಸತ್ತಿರುತ್ತದೆ. ಎಷ್ಟು ಬರೆಯಲಾಗಿದೆ ಎಂಬುದಕ್ಕಿಂತ ಡ್ರೈವ್‌ಗೆ ಎಷ್ಟು ವಯಸ್ಸಾಗಿದೆ ಎಂಬುದೂ ಮುಖ್ಯ ಎಂದು ಆ ಅಧ್ಯಯನ ತೋರಿಸಿತು.

ಹಾರ್ಡ್ ಡಿಸ್ಕ್ ಅನೇಕ ವೇಳೆ ಸೂಚನೆ ಕೊಟ್ಟು ಸಾಯುತ್ತದೆ. ಸದ್ದು ಬದಲಾಗುತ್ತದೆ, ಕಡತ ತೆರೆಯಲು ತಡವಾಗುತ್ತದೆ, ಬುದ್ಧಿವಂತರು ಎಚ್ಚೆತ್ತು ನಕಲು ಮಾಡಿಕೊಳ್ಳುತ್ತಾರೆ. ಎಸ್‌ಎಸ್‌ಡಿಯ ನಿಯಂತ್ರಕ ಕೈಕೊಟ್ಟರೆ ನಿನ್ನೆ ರಾತ್ರಿಯವರೆಗೆ ಸರಿಯಿದ್ದ ಡ್ರೈವ್ ಬೆಳಗ್ಗೆ ಗಣಕಕ್ಕೆ ಕಾಣಿಸುವುದೇ ಇಲ್ಲ. ಚಿಪ್‌ಗಳೊಳಗಿನ ಆವೇಶ ಹಾಗೆಯೇ ಇರುತ್ತದೆ; ಯಾವ ತುಣುಕು ಎಲ್ಲಿದೆ ಎಂಬ ನಕ್ಷೆ ಹಾಗೂ ಅನೇಕ ಡ್ರೈವ್‌ಗಳಲ್ಲಿ ಗೂಢಲಿಪಿಯ ಕೀಲಿ ನಿಯಂತ್ರಕದೊಂದಿಗೆ ಹೋಗಿರುತ್ತವೆ.

ತಂತ್ರಾಂಶದ ಒಂದು ಸಾಲು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2019ರ ನವೆಂಬರ್‌ನ ಉದಾಹರಣೆಯಿದೆ. ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ತನ್ನ ಸರ್ವರ್‌ಗಳ ಕೆಲವು ಎಸ್‌ಎಸ್‌ಡಿ ಮಾದರಿಗಳು 32,768 ಗಂಟೆ ಓಡಿದ ಬಳಿಕ ಸಂಪೂರ್ಣ ನಿಷ್ಕ್ರಿಯವಾಗುತ್ತವೆ, ಕೂಡಲೇ ತಂತ್ರಾಂಶ ನವೀಕರಿಸಿಕೊಳ್ಳಿ ಎಂದು ಗ್ರಾಹಕರಿಗೆ ಎಚ್ಚರಿಕೆ ನೀಡಿತು. ಗಂಟೆಗಳ ಲೆಕ್ಕದಲ್ಲಿ ಅದು 3 ವರ್ಷ, 270 ದಿನ, 8 ಗಂಟೆ. ಒಂದು ಡ್ರೈವ್ ಹೋದರೆ ಇನ್ನೊಂದರಲ್ಲಿ ನಕಲಿರಲಿ ಎಂದು ಸರ್ವರ್‌ಗಳಲ್ಲಿ ಹಲವು ಡ್ರೈವ್‌ಗಳನ್ನು ಜೋಡಿಸುವುದು ವಾಡಿಕೆ. ಆದರೆ ಒಂದೇ ದಿನ ಚಾಲೂ ಮಾಡಿದ ಡ್ರೈವ್‌ಗಳೆಲ್ಲ ಒಂದೇ ಗಂಟೆಯಲ್ಲಿ ಸತ್ತರೆ ನಕಲು ಯಾರನ್ನು ಕಾಪಾಡೀತು?

ಮತ್ತೊಂದು ಸಂಗತಿ ಬೀರುವಿನಲ್ಲಿಟ್ಟ ಡ್ರೈವ್‌ಗಳದು. ಕೋಶದ ಗೋಡೆ ಎಷ್ಟೇ ಗಟ್ಟಿಯಿದ್ದರೂ ಎಲೆಕ್ಟ್ರಾನುಗಳು ಕಾಲಕ್ರಮೇಣ ಸೋರುತ್ತವೆ. ತಾಪ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಬರಹದ ಖಾತರಿ ಪೂರ್ತಿ ಮುಗಿದ ಸಾಮಾನ್ಯ ಎಸ್‌ಎಸ್‌ಡಿಯೂ ವಿದ್ಯುತ್ ಸಂಪರ್ಕವಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು ಎಂಬುದು ಜೆಡೆಕ್ ಎಂಬ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಮಾನದಂಡ. ಸರ್ವರ್ ದರ್ಜೆಯವಕ್ಕೆ 40 ಡಿಗ್ರಿಯಲ್ಲಿ ಮೂರು ತಿಂಗಳು. 2015ರಲ್ಲಿ ಈ ಅಂಕಿಗಳನ್ನು ತಪ್ಪಾಗಿ ಓದಿ ‘ಎಸ್‌ಎಸ್‌ಡಿ ಒಂದೇ ವಾರದಲ್ಲಿ ಎಲ್ಲ ಮರೆಯುತ್ತದೆ’ ಎಂಬ ಸುದ್ದಿ ಹಬ್ಬಿತ್ತು. ಹಾಗೇನಿಲ್ಲ; ಇದು ಸವೆದು ಮುಗಿದ ಡ್ರೈವ್‌ನ ಕನಿಷ್ಠ ಮಿತಿ, ಹೊಸ ಡ್ರೈವ್ ಅದಕ್ಕಿಂತ ಬಹುಕಾಲ ಹಿಡಿದಿಡುತ್ತದೆ. ಆದರೂ ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಬೀರುವಿನೊಳಗೆ ಐದಾರು ವರ್ಷ ಮರೆತಿಟ್ಟ ಹಳೆಯ ಎಸ್‌ಎಸ್‌ಡಿಯ ಮೇಲೆ ಮದುವೆಯ ಆಲ್ಬಂ ನಂಬಿ ಬಿಡುವುದು ಜಾಣತನವಲ್ಲ.

ತಟ್ಟೆ ಇನ್ನೂ ತಿರುಗುತ್ತಿದೆ

ಹಾಗಾದರೆ ಹಾರ್ಡ್ ಡಿಸ್ಕ್ ಕಾಲ ಮುಗಿಯಿತೇ? ಲ್ಯಾಪ್‌ಟಾಪ್ ಮಟ್ಟಿಗೆ ಹೌದು. ಆದರೆ ನಾವು ‘ಕ್ಲೌಡ್’ ಎಂದು ಕರೆಯುವ ದತ್ತಾಂಶ ಕೇಂದ್ರಗಳ ಒಳಗೆ ಮಾಹಿತಿಯ ಬಹುಭಾಗ ಇಂದಿಗೂ ತಿರುಗುವ ತಟ್ಟೆಗಳ ಮೇಲೆಯೇ ಇದೆ. ಅಲ್ಲಿ ಲೆಕ್ಕ ಟೆರಾಬೈಟ್‌ಗೆ ಎಷ್ಟು ಹಣ ಎಂಬುದು, ಮತ್ತು ಆ ಲೆಕ್ಕದಲ್ಲಿ ಎಸ್‌ಎಸ್‌ಡಿ ಹಲವು ಪಟ್ಟು ದುಬಾರಿ. ಹಾರ್ಡ್ ಡಿಸ್ಕ್ ತಯಾರಿಸುವವರು ಈಗ ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಎಂಬ ಮೂವರೇ ಉಳಿದಿದ್ದಾರಾದರೂ ಸುಮ್ಮನೆ ಕುಳಿತಿಲ್ಲ. ತಟ್ಟೆಯ ಅತಿಸಣ್ಣ ಚುಕ್ಕೆಯನ್ನು ಲೇಸರ್‌ನಿಂದ ಕ್ಷಣಮಾತ್ರ ಕಾಯಿಸಿ ಬರೆಯುವ ವಿಧಾನದಿಂದ ಸೀಗೇಟ್ 2024ರಲ್ಲಿ 30 ಟೆರಾಬೈಟ್‌ನ ಡ್ರೈವ್ ಪ್ರಕಟಿಸಿತು. ಅದೇ ವರ್ಷದ ಕೊನೆಗೆ ಸಾಲಿಡಿಮ್ ಕಂಪನಿ 122 ಟೆರಾಬೈಟ್‌ನ ಎಸ್‌ಎಸ್‌ಡಿ ಪ್ರಕಟಿಸಿ ಸಾಮರ್ಥ್ಯದಲ್ಲಿ ಮುಂದಿರುವುದು ಯಾರೆಂಬುದನ್ನು ತೋರಿಸಿತು; ಬೆಲೆಯಲ್ಲಿ ಅಲ್ಲ.

ಬೆಲೆ ಸದಾ ಇಳಿಯುತ್ತಲೇ ಇರುತ್ತದೆ ಎಂಬ ನಂಬಿಕೆಗೂ 2025ರ ಕೊನೆಯಲ್ಲಿ ಪೆಟ್ಟು ಬಿತ್ತು. ಕೃತಕ ಬುದ್ಧಿಮತ್ತೆಯ ಕೇಂದ್ರಗಳು ಸ್ಮರಣ ಚಿಪ್‌ಗಳನ್ನು ಸಗಟಾಗಿ ಖರೀದಿಸತೊಡಗಿ ಮಾರುಕಟ್ಟೆಯಲ್ಲಿ ದರ ಏರಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್, ಸಾಮಾನ್ಯ ಗ್ರಾಹಕರಿಗಾಗಿ ನಡೆಸುತ್ತಿದ್ದ ‘ಕ್ರೂಷಿಯಲ್’ ವಹಿವಾಟಿನಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತು.

ಕೊಳ್ಳುವವರ ಗಮನಕ್ಕೆ

ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ಜೀವ ತುಂಬುವವರಿಗೆ ಸಾಟಾ ಬಗೆಯ ಎಸ್‌ಎಸ್‌ಡಿ ಸಾಕು. ಇದರ ವೇಗ ಸೆಕೆಂಡಿಗೆ ಸುಮಾರು 550 ಮೆಗಾಬೈಟ್. ಹೊಸ ಯಂತ್ರಗಳಲ್ಲಿರುವ ಎನ್‌ವಿಎಂಇ ಬಗೆಯವು 3,500ರಿಂದ 7,000 ಮೆಗಾಬೈಟ್ ಮತ್ತು ಅದಕ್ಕೂ ಮೇಲೆ ಓಡುತ್ತವೆ. ಆದರೆ ಪತ್ರ ಬರೆಯುವವರಿಗೆ, ಲೆಕ್ಕ ಇಡುವವರಿಗೆ ಇವೆರಡರ ನಡುವಿನ ಅಂತರ ಅಷ್ಟಾಗಿ ಗೊತ್ತಾಗದು. ಹಾರ್ಡ್ ಡಿಸ್ಕ್‌ನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದಾಗ ಆಗುವುದೇ ನಿಜವಾದ ಬದಲಾವಣೆ. ಡ್ರೈವ್‌ನ ಐದನೇ ಒಂದು ಭಾಗವಾದರೂ ಖಾಲಿ ಇರಲಿ; ತುಂಬಿ ತುಳುಕುವ ಎಸ್‌ಎಸ್‌ಡಿಗೆ ಸ್ಲೇಟು ಒರೆಸಲು ಜಾಗ ಸಿಗದೆ ವೇಗ ಕುಸಿಯುತ್ತದೆ. ಪದೇ ಪದೇ ವಿದ್ಯುತ್ ಹೋಗುವ ಊರುಗಳಲ್ಲಿ ಮೇಜಿನ ಗಣಕಕ್ಕೆ ಯುಪಿಎಸ್ ಇರುವುದು ಒಳ್ಳೆಯದು. ಬರೆಯುತ್ತಿರುವಾಗಲೇ ವಿದ್ಯುತ್ ಕಡಿತವಾದರೆ ಆಂತರಿಕ ನಕ್ಷೆ ಹಾಳಾಗುವ ಸಂಭವವಿದೆ.

ಅಂತರಜಾಲ ಮಳಿಗೆಗಳಲ್ಲಿ ಒಂದೆರಡು ಸಾವಿರ ರೂಪಾಯಿಗೆ ‘16 ಟೆರಾಬೈಟ್‌ನ ಪೋರ್ಟಬಲ್ ಎಸ್‌ಎಸ್‌ಡಿ’ ಕಂಡರೆ ಮುಂದೆ ಸಾಗಿ. ಇಂಥವನ್ನು ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿರುವುದು ಅಂಟಿಸಿಟ್ಟ ಪುಟ್ಟ ಮೆಮೊರಿ ಕಾರ್ಡ್. ಗಣಕಕ್ಕೆ ಸುಳ್ಳು ಗಾತ್ರ ಹೇಳುವಂತೆ ಅದರ ತಂತ್ರಾಂಶವನ್ನು ತಿರುಚಿರುತ್ತಾರೆ. ನಕಲು ಮಾಡುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತೆರೆಯುವಾಗ ಕಡತಗಳು ಇರುವುದಿಲ್ಲ.

ಕೆಲಸ ಮಾಡಲು ಎಸ್‌ಎಸ್‌ಡಿ, ಕಾಪಿಡಲು ಹಾರ್ಡ್ ಡಿಸ್ಕ್ ಎಂಬ ವಿಂಗಡಣೆ ಸದ್ಯಕ್ಕೆ ಮನೆಗೂ ಕಚೇರಿಗೂ ಒಪ್ಪುತ್ತದೆ. ನಕಲು ಎರಡಿರಬೇಕು, ಒಂದು ಬೇರೆ ಕಟ್ಟಡದಲ್ಲಿರಬೇಕು. ನಮ್ಮ ಕಚೇರಿಯಲ್ಲಿ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿದ ಪುಟಗಳು ಈಗ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿವೆ, ಮೂರನೆಯ ಪ್ರತಿ ದೂರದ ಸರ್ವರ್ ಒಂದರಲ್ಲಿದೆ. ವರ್ಷಕ್ಕೊಮ್ಮೆ ಅವನ್ನು ಗಣಕಕ್ಕೆ ಜೋಡಿಸಿ, ಅಲ್ಲಲ್ಲಿ ಕೆಲವು ಪುಟಗಳನ್ನು ತೆರೆದು ನೋಡುವ ಹೊಣೆ ಗ್ರಂಥಾಲಯ ವಿಭಾಗದ್ದು. ಹಿಂದಿನ ಪರಿಶೀಲನೆಯಲ್ಲಿ ಒಂದು ಡಿಸ್ಕ್ ಜೋಡಿಸಿದ ಕೂಡಲೇ ಕಟಕಟ ಎಂದಿತು. ಅದನ್ನು ಅಂದೇ ಬದಲಿಸಲಾಯಿತು.